ಹಳತಾಗದ ಅಡುಗೆಮನೆ

ಯಾದಗಿರಿಯ ಕೋಟೆಬೆಟ್ಟ, ಶಹಾಪುರದ ಬುದ್ಧ ಮಲಗಿದ ಬೆಟ್ಟ, ಸುರಪುರದ ಗುಡ್ಡಗಳು ಎಲ್ಲವೂ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ನಡುವೆ ಭೀಮಾ ತೀರಕ್ಕೆ ಹೊರಳಿದರೆ ಪದರು ಪದರಾದ ಸುಣ್ಣಕಲ್ಲು ಸಿಗುತ್ತದೆ. ಅದೇ ನಮ್ಮ ಶಹಾಬಾದ್ ಪರಸಿ.

ಈ ಊರುಗಳ ಹಳೆಯ ಮನೆಗಳಲ್ಲಿ ಅಡುಗೆ ಸಾಮಾನಿಗೆ ದಪ್ಪ ಗೋಡೆಯ ಗೂಡುಗಳೇ ಕಪಾಟು, ಪರಸಿಯೇ ಹಲಗೆ. ಅದಕ್ಕೆ ಗೆದ್ದಲು ಹತ್ತದು, ನೀರಿಗೆ ಉಬ್ಬದು. ಹೊಸ ಮನೆಗಳಲ್ಲಿ ಬಣ್ಣಬಣ್ಣದ ಸನ್‌ಮೈಕಾ ಹೊಳೆಯುತ್ತದೆ. ಶೋಕಿ ಬದಲಾದೊಡನೆ ಅದು ಹಳತು. ಅಂಚಿನಲ್ಲಿ ನೀರಿಳಿದರೆ ಒಳಗಿನ ಹಲಗೆಯೂ ಹಾಳು.

ಆದರೆ ಕಲ್ಲನ್ನೂ ಗುಣ ನೋಡಿ ಆರಿಸಬೇಕು. ಪರಸಿಯ ಮೇಲೆ ನಿಂಬೆರಸ ಬಿದ್ದರೆ ಸಣ್ಣ ಗುಳ್ಳೆಗಳೆದ್ದು ಹೊಳಪು ಮಾಸುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುವ ಪರಿ ಇದು. ಗ್ರಾನೈಟಿಗೆ ಈ ಕಾಟವಿಲ್ಲ. ಆದ್ದರಿಂದ ಹುಣಸೆ, ನಿಂಬೆ ಚೆಲ್ಲುವ ಒಲೆಕಟ್ಟೆಗೆ ಗ್ರಾನೈಟ್, ಡಬ್ಬಿ ಇಡುವ ಗೂಡಿಗೆ ಪರಸಿ, ಬಾಗಿಲಿಗೆ ಸಾದಾ ಮರ ಅಥವಾ ತಿಳಿಬಣ್ಣ ಸಾಕು.

ಮನೆ ಕಟ್ಟಿಸುವ ಪಾಲಕರು ಕಲ್ಲಿನಂಗಡಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯಲಿ. ಕೈಯಲ್ಲೊಂದು ನಿಂಬೆಹಣ್ಣಿದ್ದರೆ ಪರೀಕ್ಷೆಯನ್ನು ಅವರೇ ಮಾಡಿ ತೋರಿಸುತ್ತಾರೆ.