ಹಿಮಗಿರಿಯ ಕಡೆಯ ಕಿಟಕಿ

ಪಶುಪತಿನಾಥನ ದರ್ಶನಕ್ಕೆಂದು ದೆಹಲಿಯಿಂದ ಕಠ್ಮಂಡುವಿಗೆ ವಿಮಾನದಲ್ಲಿ ತೆರಳುವ ಭಕ್ತರು ಎಡಬದಿಯ ಕಿಟಕಿಯನ್ನೇ ಕೇಳಿ ಪಡೆಯಬೇಕೆಂದು ನಾವು ಹೇಳುತ್ತ ಬಂದಿದ್ದೇವೆ. ವಿಮಾನವು ಪೂರ್ವದತ್ತ ಸಾಗುವುದರಿಂದ ಉತ್ತರದ ಹಿಮಾಲಯವು ಎಡಕ್ಕೇ ಬರುತ್ತದೆ. ಬಾನು ತಿಳಿಯಾಗಿದ್ದರೆ ೮,೧೬೭ ಮೀಟರ್ ಎತ್ತರದ ಧವಳಗಿರಿ, ಅನಂತರ ಅನ್ನಪೂರ್ಣಾ, ಮನಾಸ್ಲು ಶಿಖರಗಳು ತೋರುತ್ತವೆ. ರೆಕ್ಕೆಯ ಮೇಲಿನ ಆಸನ ಮಾತ್ರ ಬೇಡ. ನೋಟವನ್ನೆಲ್ಲ ಅದೇ ನುಂಗಿಬಿಡುತ್ತದೆ. ಮಳೆಗಾಲದಲ್ಲಂತೂ ಎಡಕ್ಕೂ ಮೋಡ, ಬಲಕ್ಕೂ ಮೋಡ! ಕಾರ್ತೀಕವೇ ಲೇಸು. ಮರಳುವಾಗ ಬಲಬದಿ.

ನಮ್ಮ ಸಂಗಡ ಬಂದಿದ್ದ ವೃದ್ಧ ತಾಯಿಯೊಬ್ಬರು ಮೊಣಕಾಲು ನೋವಿನಿಂದಾಗಿ ಕೇದಾರವನ್ನೇರುವ ಆಸೆಯನ್ನೇ ಬಿಟ್ಟಿದ್ದರು. ಕಿಟಕಿಯ ಆಸನವು ಮೊಮ್ಮಗನಿಗೆ ದೊರೆತಿತ್ತು. “ತಮ್ಮಾ, ನಿನಗೆ ಹಿಮಾಲಯ ಇನ್ನೂ ಹತ್ತು ಸಲ ಸಿಕ್ಕೀತು, ಅಜ್ಜಿಗೆ ಇದೊಂದೇ” ಎಂದೆವು. ಹುಡುಗ ಎದ್ದುಕೊಟ್ಟ. ಧವಳಗಿರಿ ಕಂಡೊಡನೆ ಕೈಮುಗಿದ ಆ ತಾಯಿ ಕಠ್ಮಂಡು ಬರುವವರೆಗೂ ಇತ್ತ ಮುಖ ತಿರುಗಿಸಲಿಲ್ಲ.