ಮಾಲೇಕಲ್ಲಿನ ಮೆಟ್ಟಿಲು

ಅರಸೀಕೆರೆಯ ಹತ್ತಿರದ ಮಾಲೇಕಲ್ಲು ತಿರುಪತಿಗೆ ಹೊರಡುವುದೆಂದರೆ ನಮ್ಮ ಮನೆಯಲ್ಲಿ ಹಿಂದಿನ ರಾತ್ರಿಯೇ ಗಡಿಬಿಡಿ. ಪುಳಿಯೋಗರೆ, ಮೊಸರನ್ನ, ಚಿಕ್ಕವನಿಗೆ ಎರಡು ಜೊತೆ ಚಡ್ಡಿ. ಬೆಟ್ಟದ ಬುಡಕ್ಕೆ ಬಂದೊಡನೆ ಇವರು, "ನೀನು ಇವನನ್ನ ನೋಡ್ಕೊಂಡು ಇಲ್ಲೇ ಇರು, ಬೇಗ ಬಂದ್ಬಿಡ್ತೀವಿ" ಎಂದು ಮಗಳ ಕೈಹಿಡಿದು ಹತ್ತಿಬಿಡುತ್ತಿದ್ದರು. ಎರಡು ಸಲ ಹೀಗೇ ಆಯಿತು.

ಹಳೇಬೀಡಿಗೆ ಹೋದಾಗಲೂ ಅಷ್ಟೇ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹೊಯ್ಸಳೇಶ್ವರ ಗುಡಿಯಲ್ಲಿ ನಾನು ಕಂಡದ್ದು ಗೋಡೆಯ ಕೆಳಸಾಲಿನ ಆನೆಗಳನ್ನು ಮಾತ್ರ. ಮಗನ ಎತ್ತರಕ್ಕೆ ಇದ್ದದ್ದು ಅವೇ ತಾನೆ!

ಕಳೆದ ಸಲ ಮಾಲೇಕಲ್ಲಿನಲ್ಲಿ ಚಿಕ್ಕವನನ್ನೂ ಬುತ್ತಿಚೀಲವನ್ನೂ ಇವರಿಗೊಪ್ಪಿಸಿ ಮಗಳೊಂದಿಗೆ ನಾನೇ ಹೊರಟೆ. ಅರ್ಧಕ್ಕೇ ಏದುಸಿರು. "ಅಮ್ಮಾ, ನಿಂಗೂ ಬೆಟ್ಟ ಹತ್ತೋಕೆ ಬರುತ್ತಾ?" ಎಂದಳು. ಏನು ಹೇಳಲಿ? ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ದರ್ಶನ ಮಾಡಿ, ಗಾಳಿಗೆ ಮುಖವೊಡ್ಡಿ ಬಹಳ ಹೊತ್ತು ಕುಳಿತೆವು.

ಇಳಿದು ಬಂದಾಗ ಇವರ ಅಂಗಿಯ ತುಂಬ ಮೊಸರನ್ನ.