ಅರ್ಧ ಮಿಲಿಮೀಟರ್

ಕಾಗದದಲ್ಲಿ ಹಡಗು ಕಟ್ಟುವವರಿಗೆ ಅರ್ಧ ಮಿಲಿಮೀಟರ್ ಎಂದರೆ ದೊಡ್ಡ ಅಳತೆ. ಈಗ ನನ್ನ ಮೇಜಿನ ಮೇಲಿರುವುದು ಹಳೆಯ ಕ್ರೂಸರ್ ಯುದ್ಧನೌಕೆ ಐಎನ್‌ಎಸ್ ಮೈಸೂರು, 1:250ರ ಪ್ರಮಾಣದ್ದು. ನಿಜವಾದ ನೌಕೆ ಸುಮಾರು 169 ಮೀಟರ್ ಉದ್ದವಿತ್ತು; ನನ್ನದು 68 ಸೆಂಟಿಮೀಟರಿಗೆ ತುಸು ಕಡಿಮೆ. ನನ್ನ ಹಡಗಿನ ಮೂತಿಯಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಟ್ಟರೆ ಆ ನೌಕೆಯ ಲೆಕ್ಕದಲ್ಲಿ ಅದು 12.5 ಸೆಂಟಿಮೀಟರ್ ಬಾಯಿ. ಸಮುದ್ರ ಒಳಗೆ ನುಗ್ಗಲು ಅಷ್ಟು ಸಾಕು.

ಹೈದರಾಬಾದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಪರಿಚಯವಾದ ಕಲಬುರಗಿಯ ಗೆಳೆಯರೊಬ್ಬರು ಆಗಾಗ ಮನೆಗೆ ಬರುತ್ತಾರೆ. ನಾನು ಅಂಟಿಸಿದ್ದನ್ನೇ ಬಿಚ್ಚುತ್ತ ಕೂತದ್ದು ನೋಡಿ, “ಇನ್ನೊಂದ್ ಪ್ರಿಂಟ್ ತಗದು ಹೊಸಾದೇ ಮಾಡಬಾರದೇನ್ರೀ?” ಎನ್ನುತ್ತಾರೆ. ಮಾಡಬಹುದು. ಆದರೆ ಎರಡನೇ ಪ್ರಿಂಟಿನ ಬೂದುಬಣ್ಣ ಮೊದಲಿನದಕ್ಕೆ ಎಂದೂ ಪೂರ್ತಿ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದ ಭಾಗವೇ ತಿದ್ದುಪಡಿ. ಗೆರೆ ನೋಡಿ ಕತ್ತರಿಸಿ, ಸಂಖ್ಯೆ ನೋಡಿ ಅಂಟಿಸುವಾಗ ಕಾಗದ ಸುಮ್ಮನೆ ಹೇಳಿದಂತೆ ಕೇಳುತ್ತದೆ. ಕೆಟ್ಟಾಗಲೇ ಅದರ ನಾರು, ಪದರ, ಹಟ ಎಲ್ಲ ಕೈಗೆ ತಿಳಿಯುವುದು.

ಒಣಗಿದ ಫೆವಿಕಾಲ್ ಬೆಸುಗೆಯನ್ನು ಬಿಚ್ಚಬಹುದೆಂದು ಬಹಳ ಮಂದಿಗೆ ಗೊತ್ತಿಲ್ಲ. ಕುಂಚದ ತುದಿಯಿಂದ ಉಗುರುಬೆಚ್ಚಗಿನ ನೀರು ಮುಟ್ಟಿಸಿ, ಅದು ಮೆತ್ತಗಾಗುವ ತನಕ ಕಾದು, ಸಂದಿನೊಳಗೆ ಬ್ಲೇಡನ್ನು ಮಲಗಿಸಿದಂತೆ ಜಾರಿಸಬೇಕು. ಅವಸರ ಮಾಡಿದರೆ ಬೆಸುಗೆಯ ಬದಲು ಕಾಗದದ ಪದರವೇ ಕಿತ್ತು ಬರುತ್ತದೆ. ಇಂಕ್‌ಜೆಟ್ ಪ್ರಿಂಟಾದರೆ ನೀರು ತಾಗಿದೊಡನೆ ಬಣ್ಣ ಹರಡಬಹುದು. ಅದಕ್ಕೇ ನಾನು ಕೋಟಿಯ ಝೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸುವುದು. ಹಡಗಿನ ಪಕ್ಕದ ಹೊದಿಕೆಯನ್ನು ಮೂತಿಯಿಂದ ಅಂಟಿಸುತ್ತ ಹಿಂದಕ್ಕೆ ಹೋಗುವುದು ರೂಢಿ, ಅಳತೆಯ ವ್ಯತ್ಯಾಸವೆಲ್ಲ ಕೊನೆಗೆ ಹಿಂಬದಿಯಲ್ಲಿ ಬಂದು ಸೇರಲೆಂದು. ಅಲ್ಲಿ ಹೊದಿಕೆ ಸಾಲದೆ ಬಂದರೆ ಎಳೆದು ಅಂಟಿಸಬಾರದು. ಎಳೆದರೆ ಒಳಗಿನ ರಟ್ಟಿನ ಪಕ್ಕೆಲುಬುಗಳು ಹೊರಗೆ ಎದ್ದು ಕಾಣುತ್ತವೆ, ಹಸಿದ ಎತ್ತಿನ ಹಾಗೆ. ಒಂದು ಪಕ್ಕೆಲುಬಿನ ನೇರಕ್ಕೆ ಕತ್ತರಿಸಿ, ಅದೇ ಹಾಳೆಯ ಅಂಚಿನಿಂದ ಉಳಿಸಿಕೊಂಡ ಬೂದು ಪಟ್ಟಿಯನ್ನು ಸೇರಿಸಬೇಕು. ಆ ಜಾಗಕ್ಕೆ ಒಂದು ಏಣಿ ಇಳಿಬಿಟ್ಟರೆ ಕಣ್ಣು ಏಣಿಯನ್ನೇ ನೋಡುತ್ತದೆ. ಕತ್ತರಿಸಿದ ಅಂಚಿನಲ್ಲಿ ಇಣುಕುವ ಬಿಳುಪಿಗೆ ಜಲವರ್ಣ. ಅಂಟಿನ ಹೊಳಪಿಗೆ ಮ್ಯಾಟ್ ವಾರ್ನಿಶ್.

ಹೈದರಾಬಾದಿನ ಹವೆಗೂ ಈ ಕೆಲಸದಲ್ಲಿ ಪಾಲುಂಟು. ಮೇ ತಿಂಗಳಲ್ಲಿ ಅಂಟಿನ ಹನಿ ಇಟ್ಟು ಚಿಮುಟ ಎತ್ತಿಕೊಳ್ಳುವಷ್ಟರಲ್ಲಿ ಅದಕ್ಕೆ ಕೆನೆ ಕಟ್ಟಿರುತ್ತದೆ. ಆಗಸ್ಟಿನಲ್ಲಿ ತದ್ವಿರುದ್ಧ, ಗಾಳಿಯ ತೇವಕ್ಕೆ ಡೆಕ್ ಬಾಗುತ್ತದೆ. ಕಾಗದ ನಾರಿನ ಉದ್ದಕ್ಕೆ ಹಿಗ್ಗುವುದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಬಾಗಿದ ಡೆಕ್ಕನ್ನು ದಪ್ಪ ಪುಸ್ತಕದಡಿ ಇಟ್ಟು ಒತ್ತಿದರೆ ಎರಡು ದಿನ ಚಪ್ಪಟೆಯಾಗಿದ್ದು ಮತ್ತೆ ಬಾಗುತ್ತದೆ. ನಾನು ಉಬ್ಬಿದ ಬದಿಗೆ ತೆಳು ಅಂಟು ಸವರಿದ ಇನ್ನೊಂದು ಕಾಗದವನ್ನು ಹಚ್ಚುತ್ತೇನೆ. ಒಣಗುತ್ತ ಅದು ಕುಗ್ಗಿ, ಡೆಕ್ಕನ್ನು ನೇರಕ್ಕೆ ಎಳೆಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಚಾರ್ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನ ಪತಂಗದ ಅಂಗಡಿಗಳಿಗೆ ಹೋಗಿ ನಿಲ್ಲುವುದು ನನಗೆ ಇಷ್ಟ. ಅಲ್ಲೂ ಇಂಥದೇ ಉಪಾಯ: ಒಂದು ಕಡೆ ವಾಲುವ ಗಾಳಿಪಟವನ್ನು ಬಲ್ಲವರು ಭಾರದ ಕಡೆ ಕತ್ತರಿಸುವುದಿಲ್ಲ. ಹಗುರವಾದ ತುದಿಗೆ ಕಾಗದದ ಚೂರು ಸುತ್ತುತ್ತಾರೆ. ಹರಿದದ್ದಕ್ಕೆ ಅನ್ನದ ಅಗುಳು ತಿಕ್ಕಿ ತೇಪೆ. ಕಾಗದದ ಕೆಲಸ ಬಲ್ಲ ಕೈಗಳೆಲ್ಲ ಒಂದೇ ಮನೆತನದವು ಎನಿಸುತ್ತದೆ ನನಗೆ.

ಮೈಸೂರನ್ನು ಆರಿಸಿಕೊಂಡದ್ದಕ್ಕೆ ಹೆಸರಿನ ಮೋಹ, ಅದರ ಲಾಂಛನದ ಗಂಡಭೇರುಂಡ ಎರಡೂ ಕಾರಣ. ಆದರೆ ಆ ನೌಕೆಯ ಚರಿತ್ರೆಯೇ ದುರಸ್ತಿಯದು. ಮೊದಲು ಅದು ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ. 1942ರ ಆಗಸ್ಟಿನಲ್ಲಿ ಮಾಲ್ಟಾಕ್ಕೆ ಹೊರಟ ಹಡಗುಗಳ ಕಾವಲಿಗಿದ್ದಾಗ ಇಟಲಿಯ ಸಬ್‌ಮರೀನ್ ‘ಆಕ್ಸಮ್’ ಬಿಟ್ಟ ಟಾರ್ಪೆಡೊ ಬಡಿಯಿತು. ಐವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ನೌಕೆ ಮುಳುಗಲಿಲ್ಲ, ಜಿಬ್ರಾಲ್ಟರಿಗೆ ಮರಳಿತು, ಅಮೆರಿಕದಲ್ಲಿ ರಿಪೇರಿಯಾಗಿ ಮತ್ತೆ ಯುದ್ಧಕ್ಕಿಳಿಯಿತು. 1954ರಲ್ಲಿ ಭಾರತ ಕೊಂಡು, ಬಹಳಷ್ಟು ಬದಲಿಸಿ, 1957ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. ಹುಟ್ಟುವಾಗ 12 ದೊಡ್ಡ ಫಿರಂಗಿಗಳಿದ್ದ ಹಡಗಿಗೆ ಆಗ ಉಳಿದದ್ದು 9. ನೈಜೀರಿಯಾದ ನಕ್ಷೆ ಹಿಡಿದು ಗೆರೆ ಹಾಕುತ್ತಿರುವ ನಾನು ಆ ಮೂರನ್ನು ಕಿತ್ತು ಆ ಜಾಗದ ಡೆಕ್ಕನ್ನು ತೇಪೆ ಕಾಣದಂತೆ ಮುಚ್ಚಬೇಕಿದೆ.

ಅದಕ್ಕೂ ಮೊದಲು ಹೊಗೆಕೊಳವೆಗಳು. ಈ ವರ್ಗದ ಕ್ರೂಸರ್‌ಗಳಲ್ಲಿ ಎರಡೂ ಕೊಳವೆಗಳು ಹಿಂದಕ್ಕೆ ಒರಗದೆ ನೆಟ್ಟಗೆ ನಿಂತಿರುತ್ತವೆ, ಹಾಗಾಗಿ ಕೂದಲೆಳೆಯಷ್ಟು ವಾಲಿದರೂ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಯ ಸರಳಿನ ನೇರಕ್ಕೆ ಹಿಡಿದು ನೋಡಿದೆ: ಹಿಂದಿನದು ಎಡಕ್ಕೆ ವಾಲಿದೆ. ಬುಡಕ್ಕೆ ಒದ್ದೆ ಕುಂಚ ತಾಗಿಸಿ ಸಡಿಲಿಸಿ, ಎಡಬದಿಗೆ ಟಿಶ್ಯೂ ಕಾಗದದ ಒಂದು ಚೂರು ಕೊಟ್ಟರೆ ಸಾಕು. ಬಿಸಿಲು ಏರಿ ಅಂಟು ಬಿಗಿಯುವ ಮೊದಲು ಮಾಡಿ ಮುಗಿಸಬೇಕು.